ಹಾಡುವವನ ದನಿ ಎಷ್ಟು ಜೋರಿರಬೇಕು? ನಮ್ಮ ಮೊದಲ ಆಲ್ಬಂ ಮತ್ತು ಅದಕ್ಕೆ ಬಂದ ವಿಮರ್ಶೆಗಳು

ಕನ್ನಡದಲ್ಲಿ ರಾಕ್ ಆಲ್ಬಂ ಮಾಡಿದರೆ ಎರಡು ಬಗೆಯ ವಿಮರ್ಶಕರು ಸಿಗುತ್ತಾರೆ. ಒಬ್ಬರಿಗೆ ಗಿಟಾರ್ ಗೊತ್ತು, ಕನ್ನಡ ಬರುವುದಿಲ್ಲ. ಇನ್ನೊಬ್ಬರಿಗೆ ಕನ್ನಡ ಚೆನ್ನಾಗಿ ಗೊತ್ತು, ಡಿಸ್ಟಾರ್ಷನ್ ಹಾಕಿದ ಗಿಟಾರಿನ ಒರಟು ಸದ್ದು ಕೇಳಿದರೆ ತಲೆನೋವು. ಎರಡೂ ಗೊತ್ತಿರುವವರು ಇಲ್ಲ ಅಂತಲ್ಲ, ಇದ್ದಾರೆ, ಆದರೆ ಅವರು ವಿಮರ್ಶೆ ಬರೆಯುವುದಿಲ್ಲ, ಅವರದ್ದೇ ಒಂದು ಬ್ಯಾಂಡ್ ಇರುತ್ತದೆ. 2019ರ ಕೊನೆಯಲ್ಲಿ ನಮ್ಮ ಮೊದಲ ಆಲ್ಬಂ ಹೊರಬಂದಾಗ ನಮಗೆ ಆಗಿದ್ದು ಇದು. ಆಲ್ಬಂ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿದ ಮೇಲೆ ಏನೇನಾಗುತ್ತದೆ ಅಂತ ಹೇಳುವವರು ಕಡಿಮೆ, ಅದಕ್ಕೇ ಇದು.

ಬ್ಯಾಂಡಿನ ಹೆಸರು ಬೇಡ. ಹೇಳಿದರೆ ಇದು ಜಾಹೀರಾತಾಗುತ್ತದೆ.

ನಾವು ನಾಲ್ಕು ಜನ. ಹಾಡುವವನು ಹಾಸನದ ಕಡೆಯವನು, ಸಾಹಿತ್ಯವೂ ಅವನದೇ. ಲೀಡ್ ಗಿಟಾರ್ ನುಡಿಸುವವನು, ಡ್ರಮ್ಮರ್ ಇಬ್ಬರೂ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ನಾನು ಬೇಸ್. ಬೇಸ್ ನುಡಿಸುವವನಿಗೆ ಬ್ಯಾಂಡಿನಲ್ಲಿ ಇನ್ನೂ ಒಂದಿಷ್ಟು ಕೆಲಸ ಇರುತ್ತದೆ: ಜ್ಯಾಮ್ ರೂಮ್ ಬುಕ್ ಮಾಡುವುದು, ಮೇಲ್ ಕಳಿಸುವುದು, ಯಾರು ಎಷ್ಟು ಕೊಟ್ಟರು ಅಂತ ಬರೆದಿಡುವುದು, ಆಟೋದಲ್ಲಿ ಆಂಪ್ ತಬ್ಬಿಕೊಂಡು ಕೂರುವುದು. ಹಗಲು ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇರುವುದರಿಂದ ಲೆಕ್ಕಪತ್ರವೆಲ್ಲ ಯಾರೂ ಕೇಳದೆಯೇ ನನ್ನ ತಲೆಗೆ ಬಂತು. ಡ್ರಮ್ಮರ್‌ಗೆ ಹುಚ್ಚು ಹತ್ತಿದ್ದು 2007ರಲ್ಲಿ, ಅರಮನೆ ಮೈದಾನಕ್ಕೆ ಬ್ರಿಟನ್ನಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ. ಹಾಡುವವನಿಗೆ ಹತ್ತಿದ್ದು ಮನೆಯ ಟೇಪ್ ರೆಕಾರ್ಡರಿನಲ್ಲಿ ಸಿ. ಅಶ್ವಥ್ ಕೇಳಿ. ಇವರಿಬ್ಬರನ್ನು ಒಂದೇ ರೂಮಿನಲ್ಲಿ ಕೂಡಿಹಾಕಿದರೆ ಏನು ಹುಟ್ಟುತ್ತದೋ ಅದೇ ನಮ್ಮ ಸಂಗೀತ.

ಎಲ್ಲರೂ ಹೇಳಿದ್ದು ಒಂದೇ ಮಾತು: ಆಲ್ಬಂ ಯಾಕೆ, ಸಿಂಗಲ್ ಬಿಡಿ. ತಿಂಗಳಿಗೊಂದು ಹಾಡು, ಒಂದು ವಿಡಿಯೋ. ಬುದ್ಧಿ ಇರುವವರು ಹಾಗೇ ಮಾಡುತ್ತಾರೆ. ಆದರೆ ನಮ್ಮ ಮುಂದೆ ಇದ್ದವರನ್ನು ನೋಡಿ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ಇದೇ ಊರಿನಲ್ಲಿ ಇಂಗ್ಲಿಷ್ ರಾಕ್ ನುಡಿಸಿಕೊಂಡು ಬಂದವರು. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು, ಸ್ವರಾತ್ಮ 2009ರಲ್ಲಿ. ಇವರನ್ನೆಲ್ಲ ನಾವು ನೆನಪಿಟ್ಟುಕೊಂಡಿರುವುದು ಆಲ್ಬಂಗಳಿಂದ. ಒಂದು ಹಾಡು ಬಿಟ್ಟರೆ ಹಾಡು ಬಂತು ಅನ್ನುತ್ತಾರೆ, ಆಲ್ಬಂ ಬಿಟ್ಟರೆ ಬ್ಯಾಂಡ್ ಬಂತು ಅನ್ನುತ್ತಾರೆ. ಇದು ನಮ್ಮ ಲೀಡ್ ಗಿಟಾರ್‌ನವನ ವಾದ. ದುಡ್ಡಿನ ಲೆಕ್ಕ ಹಾಕುವವನು ಅವನಲ್ಲವಲ್ಲ, ಹಾಗಾಗಿ ಧೈರ್ಯವಾಗಿ ಹೇಳಿದ.

ಹಾಡುಗಳು ಒಟ್ಟಾಗುವಾಗಲೇ ಒಂದು ಕಾನೂನಿನ ಪಾಠ ಆಯಿತು. ಹಾಡುವವನಿಗೆ ಬೇಂದ್ರೆಯವರ ಒಂದು ಕವಿತೆ ಬೇಕಿತ್ತು, ಶಿಶುನಾಳ ಶರೀಫರ ಒಂದು ತತ್ವಪದವೂ ಬೇಕಿತ್ತು. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ವಾರಸುದಾರರದ್ದು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕೇ ಬೇಕು, ಕೇಳುವುದು, ಪತ್ರ, ಒಪ್ಪಂದ, ಎಲ್ಲ. ನಮ್ಮ ಹತ್ತಿರ ಅಷ್ಟು ತಾಳ್ಮೆ ಇರಲಿಲ್ಲ, ಕೈಬಿಟ್ಟೆವು. ಶರೀಫರು 1889ರಲ್ಲೇ ಹೋದವರು, ಅವರ ಪದಗಳು ಎಲ್ಲರವೂ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಶರೀಫರದ್ದಲ್ಲ ನೋಡಿ, ಅಶ್ವಥ್ ಅವರದ್ದು. ಪದ ತಗೊಳ್ಳಬಹುದು, ಧಾಟಿ ತಗೊಳ್ಳುವ ಹಾಗಿಲ್ಲ. ಕಷ್ಟ ಶುರುವಾಗಿದ್ದೇ ಅಲ್ಲಿ. ಚಿಕ್ಕಂದಿನಿಂದ ಒಂದೇ ರೀತಿ ಕೇಳಿದ ಸಾಲನ್ನು ಬೇರೆ ರೀತಿ ಹಾಡು ಅಂದರೆ ಹಾಡುವವನ ಗಂಟಲು ತಾನಾಗಿಯೇ ಹಳೆ ದಾರಿ ಹಿಡಿಯುತ್ತಿತ್ತು. ಕೊನೆಗೆ ಆ ಪದವನ್ನು ಏಳು ಎಣಿಕೆಯ ತಾಳಕ್ಕೆ ಹಾಕಿದೆವು. ಅವನು ಭಜನೆಯಲ್ಲಿ ಬೆಳೆದವನು, ಮಿಶ್ರ ಛಾಪು ಅಂದುಕೊಂಡು ಮೂರು-ನಾಲ್ಕು ಎಣಿಸಿದ. ಡ್ರಮ್ಮರ್ ನಾಲ್ಕು-ಮೂರು ಎಣಿಸಿದ. ವಾರಗಟ್ಟಲೆ ಇಬ್ಬರೂ ಒಂದೇ ಹಾಡನ್ನು ಬೇರೆ ಬೇರೆ ಜಾಗದಿಂದ ಶುರು ಮಾಡುತ್ತಿದ್ದರು, ಮಧ್ಯದಲ್ಲಿ ಸಿಕ್ಕಿಕೊಂಡವನು ನಾನು. ಆಮೇಲೆ ಆ ತಿಕ್ಕಾಟವೇ ಚೆನ್ನಾಗಿದೆ ಅನಿಸಿ ಹಾಗೇ ಇಟ್ಟೆವು. ಆಲ್ಬಂನಲ್ಲಿ ನನಗೆ ತುಂಬ ಇಷ್ಟವಾದ ಹಾಡು ಈಗಲೂ ಅದೇ.

ರೆಕಾರ್ಡಿಂಗಿನಲ್ಲಿ ದುಡ್ಡೆಲ್ಲ ನುಂಗುವುದು ಡ್ರಮ್ಸ್. ಗಿಟಾರ್, ಬೇಸ್ ಎರಡನ್ನೂ ಮನೆಯಲ್ಲೇ ಕಂಪ್ಯೂಟರಿಗೆ ಚುಚ್ಚಿ ಮಾಡಿಕೊಳ್ಳಬಹುದು. ಡ್ರಮ್ಸ್‌ಗೆ ದೊಡ್ಡ ರೂಮ್ ಬೇಕು, ಬೇಕಾದಷ್ಟು ಮೈಕ್ ಬೇಕು: ಕಿಕ್‌ಗೊಂದು, ಸ್ನೇರ್ ಅನ್ನುವ ಚುರುಕು ಸದ್ದಿನ ಚಿಕ್ಕ ಡ್ರಮ್ಮಿಗೆ ಮೇಲೊಂದು ಕೆಳಗೊಂದು, ಟಾಮ್‌ಗಳಿಗೆ ಒಂದೊಂದು, ಹೈ-ಹ್ಯಾಟ್‌ಗೆ ಒಂದು, ತಲೆಯ ಮೇಲೆ ಎರಡು ಓವರ್‌ಹೆಡ್. ಆಗ ಗಂಟೆಗೆ ಸಾವಿರ ರೂಪಾಯಿಯ ಆಸುಪಾಸು ಬಾಡಿಗೆ ಇತ್ತು. ಬೆಳಗ್ಗೆ ಹೋದರೆ ಮಧ್ಯಾಹ್ನದವರೆಗೆ ಬರೀ ಮೈಕ್ ಇಡುವುದು, ಟ್ಯೂನ್ ಮಾಡುವುದು. ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಒಂದೇ ಸ್ನೇರ್ ಸದ್ದು ಮೇಲಿನ ಮೈಕಿಗೂ ಕೆಳಗಿನ ಮೈಕಿಗೂ ಎದುರುಬದುರಾಗಿ ಬೀಳುತ್ತದೆ. ಚರ್ಮ ಒಂದು ಕಡೆಯಿಂದ ತಗ್ಗಿದರೆ ಇನ್ನೊಂದು ಕಡೆಯಿಂದ ಉಬ್ಬುತ್ತದಲ್ಲ, ಹಾಗೆ. ಎರಡನ್ನೂ ಸುಮ್ನೆ ಸೇರಿಸಿದರೆ ಒಂದನ್ನೊಂದು ಕೊಂದು ಹಾಕುತ್ತವೆ, ಸ್ನೇರ್ ಸಪ್ಪೆಯಾಗುತ್ತದೆ. ಕೆಳಗಿನ ಮೈಕಿನ ಫೇಸ್ ತಿರುಗಿಸುವ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಬಟನ್ ಒತ್ತಿದ ತಕ್ಷಣ ಅದೇ ಸ್ನೇರ್ ಎದೆಗೆ ಹೊಡೆಯುತ್ತದೆ. ನಮ್ಮ ಇಂಜಿನಿಯರ್ ಒತ್ತಿ ತೋರಿಸಿದಾಗ ಡ್ರಮ್ಮರ್ ಮುಖ ನೋಡಬೇಕಿತ್ತು.

ಇನ್ನು ಕ್ಲಿಕ್. ಕಿವಿಯಲ್ಲಿ ಟಿಕ್ ಟಿಕ್ ಅಂತ ತಾಳ ಬರುತ್ತಿರುತ್ತದೆ, ಅದನ್ನು ಬಿಟ್ಟು ಆಚೀಚೆ ಹೋಗುವ ಹಾಗಿಲ್ಲ. ಸ್ಟೇಜಿನಲ್ಲಿ ನಮ್ಮ ಹಾಡುಗಳೆಲ್ಲ ಕೊನೆಗೆ ಬರುವ ಹೊತ್ತಿಗೆ ಓಡುತ್ತವೆ, ಜನರಿಗೆ ಅದೇ ಇಷ್ಟ. ಕ್ಲಿಕ್ ಹಾಕಿದರೆ ಆ ಓಟ ಸತ್ತುಹೋಯಿತು. ಕ್ಲಿಕ್ ಬೇಡ ಅಂದರೆ ಆಮೇಲೆ ಮನೆಯಲ್ಲಿ ಗಿಟಾರ್ ಸೇರಿಸುವುದು ನರಕ. ಮಧ್ಯದ ದಾರಿ ಹಿಡಿದೆವು, ಕ್ಲಿಕ್ಕಿನ ವೇಗವನ್ನೇ ಕೊನೆಯ ಭಾಗದಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚಿಸಿದೆವು. ಯಾರೂ ಕಂಡುಹಿಡಿದಿಲ್ಲ ಇದುವರೆಗೆ.

ದನಿಯನ್ನು ಹಾಡುವವನ ರೂಮಿನಲ್ಲೇ ರೆಕಾರ್ಡ್ ಮಾಡಿದ್ದು. ಗೋಡೆಗೆ ಹಾಸಿಗೆ ನಿಲ್ಲಿಸಿ, ಬಾಗಿಲಿಗೆ ರಗ್ಗು ಕಟ್ಟಿ, ಫ್ಯಾನ್ ಆಫ್ ಮಾಡಿ. ಬೆಂಗಳೂರಿನಲ್ಲಿ ಸದ್ದಿಲ್ಲದ ಹೊತ್ತು ಅಂತ ಯಾವುದೂ ಇಲ್ಲ. ಬೆಳಗ್ಗೆ ತರಕಾರಿ ಗಾಡಿಯ ಸ್ಪೀಕರ್, ಮಧ್ಯಾಹ್ನ ಪಕ್ಕದ ಸೈಟಿನಲ್ಲಿ ಕಟಿಂಗ್ ಮೆಷಿನ್, ಸಂಜೆ ಮಕ್ಕಳು. ರಾತ್ರಿ ಹನ್ನೊಂದರ ಮೇಲೆ ಹಾಡಿದರೆ ಮೇಲಿನ ಮನೆಯವರು ಕೆಳಗಿಳಿದು ಬರುತ್ತಿದ್ದರು. ಒಂದು ಹಾಡಿನ ಎರಡನೇ ಚರಣದಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ದೂರದಲ್ಲಿ ಕುಕ್ಕರ್ ಸೀಟಿ ಕೇಳುತ್ತದೆ. ತೆಗೆಯಲು ಆಗಲಿಲ್ಲ, ಆ ಟೇಕ್‌ನಷ್ಟು ಚೆನ್ನಾಗಿ ಅವನು ಮತ್ತೆ ಹಾಡಲೂ ಇಲ್ಲ. ಆಮೇಲೆ ಒಂದು ವಿಮರ್ಶೆಯಲ್ಲಿ ಆ ಹಾಡಿನ ವಾತಾವರಣ ನಿರ್ಮಾಣವನ್ನು ಹೊಗಳಿದ್ದರು.

ಈಗ ಜಗಳಕ್ಕೆ ಬರೋಣ. ಮಿಕ್ಸಿಂಗ್, ಅಂದರೆ ಬೇರೆ ಬೇರೆ ರೆಕಾರ್ಡ್ ಮಾಡಿದ್ದನ್ನೆಲ್ಲ ಹದವಾಗಿ ಬೆರೆಸುವ ಕೆಲಸ, ಮಾಡಿಸಿದ್ದು ಮುಂಬೈನ ಒಬ್ಬರ ಹತ್ತಿರ. ಒಳ್ಳೆಯ ಕಿವಿ, ರಾಕ್ ಚೆನ್ನಾಗಿ ಗೊತ್ತು, ಕನ್ನಡ ಒಂದಕ್ಷರ ಗೊತ್ತಿಲ್ಲ. ಮೊದಲ ಮಿಕ್ಸ್ ಬಂದಾಗ ಗಿಟಾರ್ ಗೋಡೆಯ ಹಾಗೆ ನಿಂತಿತ್ತು, ಡ್ರಮ್ಸ್ ಅದ್ಭುತ. ಹಾಡುವವನು ಮಾತ್ರ ಆ ಗೋಡೆಯ ಹಿಂದಿನಿಂದ ಕೂಗುತ್ತಿದ್ದ. ಲೀಡ್ ಗಿಟಾರ್‌ನವನಿಗೆ ಇದೇ ಸರಿ. ರಾಕ್‌ನಲ್ಲಿ ದನಿಯೂ ಒಂದು ವಾದ್ಯ, ಬ್ಯಾಂಡಿನ ಒಳಗೇ ಇರಬೇಕು ಅಂದ. ಹಾಡುವವನಿಗೆ ಉರಿದುಹೋಯಿತು. “ಲೋ ಮಗಾ, ನಾನು ಬರೆದಿದ್ದು ಯಾರಿಗೂ ಕೇಳಿಸ್ದೇ ಇದ್ರೆ ಲಾ ಲಾ ಅಂತ ಹಾಡ್ತೀನಿ ಬಿಡು, ಸಾಹಿತ್ಯ ಯಾಕೆ?”

ಇಬ್ಬರದ್ದೂ ಸರಿಯೇ. ನಮ್ಮ ಕಿವಿ ತಯಾರಾಗಿರುವುದು ಸಿನಿಮಾ ಹಾಡಿನಿಂದ, ಭಾವಗೀತೆಯಿಂದ. ಅಲ್ಲಿ ದನಿ ಮುಂದೆ ಕೂತಿರುತ್ತದೆ, ವಾದ್ಯಗಳು ಹಿಂದೆ ಕೈಕಟ್ಟಿ ನಿಂತಿರುತ್ತವೆ. ಪ್ರತಿ ಅಕ್ಷರ ಕೇಳಬೇಕು, ಒತ್ತು ಬಿಟ್ಟರೆ ಅಜ್ಜಿಯೂ ಕಂಡುಹಿಡಿಯುತ್ತಾರೆ. ರಾಕ್ ಕೇಳಿ ಬೆಳೆದವರಿಗೆ ದನಿ ಹಾಗೆ ಮುಂದೆ ಬಂದರೆ ಬ್ಯಾಂಡ್ ಅನಿಸುವುದಿಲ್ಲ, ಆರ್ಕೆಸ್ಟ್ರಾ ಅನಿಸುತ್ತದೆ. ಇಂಗ್ಲಿಷ್ ಹಾಡಾಗಿದ್ದರೆ ಈ ಜಗಳವೇ ಇರುತ್ತಿರಲಿಲ್ಲ, ನಮ್ಮಲ್ಲಿ ಎಷ್ಟು ಜನ ಆ ಸಾಹಿತ್ಯವನ್ನು ಪೂರ್ತಿ ಕೇಳಿಸಿಕೊಂಡಿದ್ದೇವೆ ಹೇಳಿ? ವರ್ಷಗಟ್ಟಲೆ ತಪ್ಪು ತಪ್ಪು ಹಾಡಿಕೊಂಡೇ ಖುಷಿಯಾಗಿದ್ದೆವು.

ಮುಂಬೈಗೆ ಮೇಲ್ ಹೋಯಿತು, ದನಿ ಮೇಲೆ ಬಂತು. ಗಿಟಾರ್‌ನವನು ಮುನಿಸಿಕೊಂಡ. ಮತ್ತೆ ಮೇಲ್, ದನಿ ಕೆಳಗೆ. ಮಿಕ್ಸ್ ಮಾಡುವವರು ಕೊನೆಗೆ ಬಹಳ ಮರ್ಯಾದೆಯಿಂದ, ನಿಮ್ಮೊಳಗೆ ಮಾತಾಡಿಕೊಂಡು ಒಂದು ತೀರ್ಮಾನ ತಿಳಿಸಿ ಅಂತ ಬರೆದರು. ನಾನು ಎರಡೂ ಮಿಕ್ಸ್ ತಗೊಂಡು ಊರೆಲ್ಲ ಸುತ್ತಿದೆ. ಕಾರಿನಲ್ಲಿ ಹಾಕಿದೆ, ಇಯರ್‌ಫೋನಿನಲ್ಲಿ ಕೇಳಿದೆ, ಆಫೀಸಿನ ಗೆಳೆಯರಿಗೆ ಕೇಳಿಸಿದೆ. ನಮ್ಮಮ್ಮನ ಫೋನಿನ ಸಣ್ಣ ಸ್ಪೀಕರಿನಲ್ಲಿ ಹಾಕಿದಾಗ ಬೇಸ್ ಪೂರ್ತಿ ಮಾಯವಾಯಿತು, ಅಂದರೆ ನಾನೇ ಆ ಆಲ್ಬಂನಲ್ಲಿ ಇರಲಿಲ್ಲ. ಅಮ್ಮ ಕೇಳಿ, “ಹುಡುಗ ಚೆನ್ನಾಗಿ ಹಾಡ್ತಾನಪ್ಪಾ, ಆದ್ರೆ ಯಾಕೆ ಅಷ್ಟು ದೂರ ನಿಂತ್ಕೊಂಡಿದಾನೆ?” ಅಂದರು. ಕೊನೆಗೆ ಒಪ್ಪಿಕೊಂಡದ್ದು ಒಂದೂವರೆ ಡೆಸಿಬಲ್. ಗಿಟಾರ್‌ನವನು ಕೇಳಿದ್ದಕ್ಕಿಂತ ಒಂದೂವರೆ ಮೇಲೆ, ಹಾಡುವವನು ಕೇಳಿದ್ದಕ್ಕಿಂತ ಅಷ್ಟೇ ಕೆಳಗೆ. ಸರಿಯಾಗಿ ಮಧ್ಯದಲ್ಲಿ. ಅಕೌಂಟ್ಸ್‌ನವನ ತೀರ್ಮಾನ ಅಂತ ಇಬ್ಬರೂ ಬೈದರು.

ಮಿಕ್ಸ್ ಆದ ಮೇಲೆ ಕೊನೆಯ ಹದ ಮಾಡುವ ಮಾಸ್ಟರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟೇ ಜೋರಾಗಿ ಹಿಂಡಿ ಕಳಿಸಿದರೂ ಸ್ಪಾಟಿಫೈ ಅದನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ಇಳಿಸಿಬಿಡುತ್ತದೆ, ಹಾಗಾಗಿ ಹಿಂಡಿ ಲಾಭವಿಲ್ಲ. ಇಷ್ಟು ತಿಳಿದುಕೊಂಡರೆ ಸಾಕು.

ಕಾಗದದ ಕೆಲಸಕ್ಕೆ ಮಾತ್ರ ಯಾರೂ ತಯಾರಿರುವುದಿಲ್ಲ. ಹಾಡುಗಳನ್ನು ಆ್ಯಪ್‌ಗಳಿಗೆ ನಾವೇ ನೇರವಾಗಿ ಹಾಕಲು ಬರುವುದಿಲ್ಲ, ಮಧ್ಯೆ ಒಬ್ಬ ವಿತರಕ ಬೇಕು. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಸಂಖ್ಯೆ, ಮುಖಪುಟದ ಚಿತ್ರ 3000ಕ್ಕೆ 3000 ಪಿಕ್ಸೆಲ್. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿ ಹಾಕಿದರೆ ಇಂಗ್ಲಿಷಿನಲ್ಲಿ ಹುಡುಕುವವರಿಗೆ ಸಿಗದು, ಇಂಗ್ಲಿಷ್ ಲಿಪಿಯಲ್ಲಿ ಹಾಕಿದರೆ ಹಾಡುವವನಿಗೆ ಸಂಕಟ. ಇಂಗ್ಲಿಷ್ ಲಿಪಿಯೇ ಗೆದ್ದಿತು. ಹಾಡಿನ ಪ್ರಕಾರ ಯಾವುದು ಅಂತ ಆರಿಸಬೇಕಾದ ಜಾಗದಲ್ಲಿ ‘ರಾಕ್’ ಒತ್ತಿದರೆ ಅಮೆರಿಕದವರ ಜೊತೆ ಸ್ಪರ್ಧೆ, ‘ಭಾರತೀಯ ಪ್ರಾದೇಶಿಕ’ ಒತ್ತಿದರೆ ಸಿನಿಮಾ ಹಾಡುಗಳ ಜೊತೆ. ನಮ್ಮ ಬೀದಿಗೆ ಹೋಗುವ ಬಸ್ಸೇ ಆ ಪಟ್ಟಿಯಲ್ಲಿ ಇರಲಿಲ್ಲ.

ಇದಕ್ಕಿಂತ ಜಾಸ್ತಿ ತಲೆ ತಿಂದದ್ದು ಯಾರ ಪಾಲು ಎಷ್ಟು ಅನ್ನುವುದು. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದ ಮೇಲೆ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾಗಿದೆ. ಆ ದುಡ್ಡು ವಸೂಲಿ ಮಾಡಿ ಹಂಚುವುದು ಐಪಿಆರ್‌ಎಸ್ ಅನ್ನುವ ಸಂಸ್ಥೆ. ಅಲ್ಲಿ ನೋಂದಾಯಿಸುವಾಗ ಸಾಹಿತಿ ಯಾರು, ಸಂಗೀತ ಯಾರದ್ದು ಅಂತ ಹೆಸರು ಕೊಡಬೇಕು, ಶೇಕಡಾ ಎಷ್ಟು ಅಂತಲೂ. ಡ್ರಮ್ಮರ್ ಒಂದು ಮಾತು ಕೇಳಿದ, ಏಳು ಎಣಿಕೆಯ ಹಾಡಿನಲ್ಲಿ ನನ್ನ ತಾಳ ತೆಗೆದರೆ ಏನು ಉಳಿಯುತ್ತೆ ಗುರು, ಅಂತ. ಏನೂ ಉಳಿಯುವುದಿಲ್ಲ. ಸಾಹಿತ್ಯ ಬರೆದವನಿಗೆ, ಸಂಗೀತ ನಾಲ್ವರಿಗೂ ಸಮ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಬರಬಹುದಾದ ದುಡ್ಡು ನೋಡಿದರೆ ನಗು ಬರುತ್ತದೆ, ಆದರೂ ಈ ಹಾಳೆಯನ್ನು ಹಾಡು ಹೊರಬರುವ ಮುಂಚೆಯೇ ಮಾಡಿಟ್ಟುಕೊಳ್ಳಿ. ಹಾಡು ಗೆದ್ದ ಮೇಲೆ ಎಲ್ಲರಿಗೂ ತಾವೇ ಬರೆದ ಹಾಗೆ ನೆನಪಾಗುತ್ತದೆ.

ವಿಮರ್ಶಕರಿಗೆ ಕಳಿಸುವುದು ಹೇಗೆ ಅಂತ ಕೇಳುತ್ತೀರಾ? ಒಂದು ಫೋಟೋ, ಅರ್ಧ ಪುಟ ಪರಿಚಯ, ಬಿಡುಗಡೆಗೆ ಕೆಲವು ವಾರ ಮುಂಚೆ ಗುಟ್ಟಾಗಿ ಕೇಳುವ ಲಿಂಕ್. ಬಹಳಷ್ಟು ಮೇಲ್‌ಗಳಿಗೆ ಉತ್ತರವೇ ಬರುವುದಿಲ್ಲ. ಬಂದ ಉತ್ತರಗಳಲ್ಲಿ ಕೆಲವು, ನಮ್ಮಲ್ಲಿ ಪ್ಯಾಕೇಜ್ ಇದೆ, ಇಷ್ಟು ಕೊಟ್ಟರೆ ಸಂದರ್ಶನ, ಇಷ್ಟು ಕೊಟ್ಟರೆ ವಿಮರ್ಶೆ, ಅಂತ. ದುಡ್ಡು ಕೊಟ್ಟರೆ ಅದು ಹೇಗೆ ವಿಮರ್ಶೆ ಆಗುತ್ತದೆ ಅಂತ ಗಿಟಾರ್‌ನವನು ತಿರುಗಿ ಬರೆದ, ಅಲ್ಲಿಗೆ ಆ ಬಾಗಿಲು ಮುಚ್ಚಿತು. ಇನ್ನೊಂದು ವಿಷಯ, ಆ ಗುಟ್ಟಿನ ಲಿಂಕಿನಲ್ಲಿ ಯಾವ ಹಾಡು ಎಷ್ಟು ಸಲ ಪ್ಲೇ ಆಗಿದೆ ಅಂತ ನಮಗೆ ಕಾಣಿಸುತ್ತದೆ. ಬರೆಯುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಪರವಾಗಿಲ್ಲವೋ. ಒಬ್ಬರಿಗಷ್ಟೇ ಕೊಟ್ಟ ಲಿಂಕಿನಲ್ಲಿ ನಾಲ್ಕನೇ ಹಾಡಿನಿಂದ ಆಚೆ ಎಲ್ಲ ಸೊನ್ನೆ. ಅವರ ವಿಮರ್ಶೆಯಲ್ಲಿ ಮಾತ್ರ ಆಲ್ಬಂನ ಕೊನೆಯ ಭಾಗ ಸ್ವಲ್ಪ ಎಳೆದಂತಿದೆ ಅಂತ ಇತ್ತು.

ಬಿಡುಗಡೆಯ ವಾರ ಫೋನ್ ಕೆಳಗಿಟ್ಟವರಿಲ್ಲ. ಮೊದಲು ಬಂದದ್ದು ಒಂದು ಇಂಗ್ಲಿಷ್ ವಿಮರ್ಶೆ. ಚೆನ್ನಾಗಿಯೇ ಬರೆದಿದ್ದರು. ಡ್ರಮ್ಸ್ ಸದ್ದಿಗೆ ಒಂದು ಪ್ಯಾರಾ, ಗಿಟಾರ್ ಟೋನಿಗೆ ಒಂದು. ಮೊದಲ ಸಾಲಿನಲ್ಲೇ ರಘು ದೀಕ್ಷಿತ್ ಮತ್ತು ಸ್ವರಾತ್ಮ ಹೆಸರು. ಅವರಿಬ್ಬರ ಮೇಲೂ ನಮಗೆ ಗೌರವ ಇದೆ, ಆದರೆ ಅವರದ್ದು ಜಾನಪದದ ಬುಡದ ಸಂಗೀತ, ನಮ್ಮಲ್ಲಿ ಒಂದೇ ಒಂದು ತತ್ವಪದ ಇದೆ, ಅದೂ ಮೆಟಲ್ ಕೇಳಿದವನ ಡ್ರಮ್ಸ್ ಮೇಲೆ. ಕನ್ನಡದಲ್ಲಿ ಹಾಡಿದ ತಕ್ಷಣ ಎಲ್ಲರೂ ಒಂದೇ ಮನೆಯವರು ಆಗಿಬಿಡುತ್ತೇವೆ. ಸಾಹಿತ್ಯದ ಬಗ್ಗೆ ಇದ್ದದ್ದು ಅರ್ಧ ಸಾಲು, ಭಾವಪೂರ್ಣವಾಗಿದೆ ಅಂತ. ಕೊನೆಯಲ್ಲಿ ಒಂದು ದೂರು: ದನಿ ಸ್ವಲ್ಪ ಹೆಚ್ಚೇ ಮುಂದೆ ಬಂದಿದೆ, ಇನ್ನೂ ಹಿಂದೆ ಕೂರಿಸಿದ್ದರೆ ಬ್ಯಾಂಡಿನ ಬಲ ಗೊತ್ತಾಗುತ್ತಿತ್ತು. ಗಿಟಾರ್‌ನವನು ಇದರ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದ. ಒಂದೇ ಒಂದು ಮಾತೂ ಬರೆಯಲಿಲ್ಲ.

ಕೆಲವು ದಿನ ಬಿಟ್ಟು ಒಂದು ಕನ್ನಡ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಹಾಡುವವನ ಅಪ್ಪ ಹಾಸನದಲ್ಲಿ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಬರೆದವರು ಸಾಹಿತ್ಯವನ್ನು ಒಂದೊಂದೇ ಸಾಲು ಹಿಡಿದು ನೋಡಿದ್ದರು. ಒಂದು ಪ್ರಾಸ ಬಲವಂತದ್ದು ಅಂದಿದ್ದರು, ನಿಜ. ಒಂದು ಹಾಡಿನಲ್ಲಿ ನವ್ಯದ ನೆರಳಿದೆ ಅಂದಿದ್ದರು, ಅದನ್ನು ಓದಿ ಹಾಡುವವನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ನಮ್ಮ ಮೂವರ ಬಗ್ಗೆ ಇದ್ದದ್ದು ಒಂದು ವಾಕ್ಯ: ವಾದ್ಯಗಳ ಅಬ್ಬರದಲ್ಲಿ ದನಿ ಮುಳುಗಿಹೋಗಿದೆ. ಈ ಸಲ ಸ್ಕ್ರೀನ್‌ಶಾಟ್ ಹಾಕಿದವನು ಹಾಡುವವನು.

ಒಂದೇ ಆಲ್ಬಂ, ಒಂದೇ ಒಂದೂವರೆ ಡೆಸಿಬಲ್. ನನ್ನ ಪ್ರಕಾರ ಇಬ್ಬರೂ ಸುಳ್ಳು ಹೇಳಿಲ್ಲ. ಇಂಗ್ಲಿಷಿನವರಿಗೆ ಪದ ಅರ್ಥವಾಗದೆ ಇದ್ದಾಗ ದನಿ ಬರೀ ಸದ್ದು, ಆ ಸದ್ದು ಗಿಟಾರ್‌ಗೆ ಅಡ್ಡ ಬಂತು. ಕನ್ನಡದವರು ಪ್ರತಿ ಪದ ಹಿಡಿಯಲು ಕಿವಿ ಕೊಟ್ಟಿದ್ದರು, ಆ ಪದಕ್ಕೆ ಗಿಟಾರ್ ಅಡ್ಡ ಬಂತು. ನನಗೆ ಬೇಜಾರಾದದ್ದು ಬೇರೆಯದಕ್ಕೆ. ಶರೀಫರ ಪದದಲ್ಲಿ ಡ್ರಮ್ಮರ್ ನಾಲ್ಕು-ಮೂರು, ಹಾಡುವವನು ಮೂರು-ನಾಲ್ಕು ಅಂದೆನಲ್ಲ, ಅರ್ಥ ಹುಟ್ಟುವುದೇ ಆ ಗುದ್ದಾಟದಲ್ಲಿ. ಪದ ಒಂದು ಕಡೆ ಎಳೆಯುತ್ತದೆ, ಕಾಲು ಇನ್ನೊಂದು ಕಡೆ. ಅದನ್ನು ಹಿಡಿಯಬೇಕಾದರೆ ಪದವೂ ಕೇಳಬೇಕು, ತಾಳವೂ ಕೇಳಬೇಕು. ಅರ್ಧರ್ಧ ಕೇಳಿದವರ ಕೈಗೆ ಅದು ಸಿಗಲೇ ಇಲ್ಲ.

ಎಲ್ಲಕ್ಕಿಂತ ಖಾರವಾಗಿ ಬರೆದವರು ಇನ್ನೊಬ್ಬರು. ಮಧ್ಯದ ಹಾಡುಗಳೆಲ್ಲ ಒಂದೇ ವೇಗದಲ್ಲಿವೆ, ಒಂದನ್ನು ಕೇಳಿದರೆ ಇನ್ನೊಂದು ಬೇಡ, ಶರೀಫರ ಪದದಲ್ಲಿ ಹಾಸನದ ದನಿಗೆ ಧಾರವಾಡದ ಸೊಗಡು ತೊಡಿಸಿದ್ದು ಬಾಡಿಗೆ ಬಟ್ಟೆಯ ಹಾಗಿದೆ ಅನ್ನುವ ಅರ್ಥದ ಮಾತು. ಓದಿದ ರಾತ್ರಿ ಡ್ರಮ್ಮರ್ ನಮಗೆಲ್ಲ ಲೆಡ್ ಝೆಪ್ಲಿನ್ ಕಥೆ ಹೇಳಿದ. 1969ರಲ್ಲಿ ಅವರ ಮೊದಲ ರೆಕಾರ್ಡ್ ಬಂದಾಗ ರೋಲಿಂಗ್ ಸ್ಟೋನ್ ಪತ್ರಿಕೆ ಅದನ್ನು ಚೆನ್ನಾಗಿ ಝಾಡಿಸಿತ್ತು, ಆಮೇಲೆ ಏನಾಯಿತು ನೋಡಿ ಅಂತ. ಪ್ರಪಂಚದ ಪ್ರತಿಯೊಂದು ಬ್ಯಾಂಡೂ ಕೆಟ್ಟ ವಿಮರ್ಶೆ ಬಂದ ರಾತ್ರಿ ಇದೇ ಕಥೆ ಹೇಳಿಕೊಳ್ಳುತ್ತದೆ ಅಂತ ಕಾಣುತ್ತದೆ. ಆದರೆ ಆವತ್ತು ಬೈಸಿಕೊಂಡವರಲ್ಲಿ ಲೆಡ್ ಝೆಪ್ಲಿನ್ ಆಗದವರ ಲೆಕ್ಕ ಯಾರೂ ಇಡುವುದಿಲ್ಲ ಅಲ್ವಾ. ಮರುದಿನ ನಾನು ಹಾಡುಗಳ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ, ತೆಗೆದು ನೋಡಿದೆ. ಮಧ್ಯದ ಹಾಡುಗಳು ಒಂದರ ಪಕ್ಕ ಒಂದು ಕೂತಿದ್ದವು, ಎರಡು ಮೂರು ಬಿಪಿಎಂ ವ್ಯತ್ಯಾಸ ಅಷ್ಟೇ. ಆ ಮನುಷ್ಯ ಆಲ್ಬಂ ಪೂರ್ತಿ ಕೇಳಿದ್ದರು. ಬಂದ ವಿಮರ್ಶೆಗಳಲ್ಲಿ ನಮ್ಮ ಕೆಲಸಕ್ಕೆ ಬಂದದ್ದು ಅದೊಂದೇ. ಶೋಗಳಲ್ಲಿ ಹಾಡುಗಳ ಕ್ರಮ ಬದಲಾಯಿಸಿಬಿಟ್ಟೆವು. ಧಾರವಾಡದ ಮಾತು ಮಾತ್ರ ಹಾಡುವವನು ಒಪ್ಪಿಲ್ಲ. ಪದ ಬರೆದವರು ಶಿಶುನಾಳದವರು, ಅವರ ಪದವನ್ನು ಹಾಸನಕ್ಕೆ ತಿದ್ದಲಾ ಅಂತ ಕೇಳುತ್ತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶೋ ಅಂದೆ, ಅದರ ಕಥೆಯೂ ಒಂದು. ಬೆಂಗಳೂರಿನಲ್ಲಿ ಜನರೆದುರು ಸಂಗೀತ ನಡೆಸುವ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಬಿಗಿ ಮಾಡಿದರು, ಎಷ್ಟೋ ಪಬ್‌ಗಳು ಲೈವ್ ಸಂಗೀತವನ್ನೇ ನಿಲ್ಲಿಸಿದವು. ಇಂದಿರಾನಗರದ ಹಮ್ಮಿಂಗ್ ಟ್ರೀ ಥರದ, ನಾವು ಕೇಳುಗರಾಗಿ ನಿಂತಿದ್ದ ಜಾಗವೇ 2019ರಲ್ಲಿ ಮುಚ್ಚಿತು. ಆಲ್ಬಂ ಕೈಯಲ್ಲಿದೆ, ನುಡಿಸಲು ಜಾಗ ಇಲ್ಲ. ಕೊನೆಗೆ ನಾಟಕ ಆಡುವ ಒಂದು ಪುಟ್ಟ ರಂಗಮಂದಿರದಲ್ಲಿ ಬಿಡುಗಡೆ ಇಟ್ಟುಕೊಂಡೆವು. ಅರ್ಧ ನಮ್ಮ ಪಬ್ಬಿನ ಜನ, ಇನ್ನರ್ಧ ನಾಟಕ ನೋಡಲು ಬರುವ ಜನ, ಎಲ್ಲರೂ ಕುರ್ಚಿಯಲ್ಲಿ. ಮೊದಲ ಹಾಡಿಗೆ ಯಾರೂ ಅಲ್ಲಾಡಲಿಲ್ಲ. ಗಿಟಾರ್‌ನವನು ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ಹಾಡು ಮುಗಿಯಿತು, ಒಂದು ಕ್ಷಣ ಬಿಟ್ಟು ಜೋರು ಚಪ್ಪಾಳೆ. ಅವರು ಕೇಳುತ್ತಿದ್ದರು, ಅಷ್ಟೇ. ಪಬ್ಬಿನಲ್ಲಿ ಇಷ್ಟು ಗಮನ ಕೊಟ್ಟು ನಮ್ಮನ್ನು ಯಾರೂ ಕೇಳಿರಲಿಲ್ಲ. ಏಳು ಎಣಿಕೆಯ ಹಾಡಿಗೆ ಮುಂದಿನ ಸಾಲಿನ ಒಬ್ಬ ಹಿರಿಯರು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿ, ಡ್ರಮ್ಸ್ ಕೇಳಿ ತಪ್ಪಿ, ಮತ್ತೆ ಹಿಡಿದು, ಮತ್ತೆ ತಪ್ಪಿ, ಕೊನೆಗೆ ನಗಲು ಶುರು ಮಾಡಿದರು. ಆ ಹಾಡಿಗೆ ಸಿಕ್ಕಿದ ಸರಿಯಾದ ವಿಮರ್ಶೆ ಅದು, ಎಲ್ಲೂ ಅಚ್ಚಾಗಲಿಲ್ಲ.

ಹೀಗೇ ಊರೂರು ಸುತ್ತೋಣ, ಮೈಸೂರು, ಧಾರವಾಡ, ಮಂಗಳೂರು ಅಂತ ಮಾತಾಡಿಕೊಳ್ಳುವ ಹೊತ್ತಿಗೆ 2020ರ ಮಾರ್ಚ್ ಬಂತು, ಎಲ್ಲ ಬಾಗಿಲೂ ಮುಚ್ಚಿತು.

ದುಡ್ಡಿನ ವಿಷಯ ಕೇಳುವವರಿಗೆ: ಡ್ರಮ್ಸ್ ರೆಕಾರ್ಡಿಂಗಿಗೆ ಹಾಕಿದ್ದು ಕೂಡ ಇನ್ನೂ ವಾಪಸ್ ಬಂದಿಲ್ಲ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ, ಹಿಂದಿನ 12 ತಿಂಗಳಲ್ಲಿ 1000 ಸಲವೂ ಪ್ಲೇ ಆಗದ ಹಾಡಿಗೆ ಕಾಸೇ ಇಲ್ಲ. ಆ ಖಾರದ ವಿಮರ್ಶಕರು ಬೇಡ ಅಂದಿದ್ದ ಮಧ್ಯದ ಹಾಡುಗಳೆಲ್ಲ ಈಗ ಆ ಗೆರೆಯ ಕೆಳಗಿವೆ. ಟೀ ಶರ್ಟ್ ಮಾರಿದ್ದರಲ್ಲಿ ಮಾತ್ರ ಲಾಭ ಆಯಿತು.

ಈಗ ಎರಡನೇ ಸುತ್ತಿಗೆ ಹಾಡುಗಳು ತಯಾರಾಗುತ್ತಿವೆ, ಒಂದು ಹಾಡನ್ನು ಮೊದಲೇ ಬಿಟ್ಟೆವು. ಈ ಸಲ ನಾನು ಒಂದು ಉಪಾಯ ಮಾಡಿದ್ದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಸಾಹಿತ್ಯದ ಸಾರಾಂಶವನ್ನು ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ, ಕನ್ನಡದಲ್ಲಿ ಬರೆಯುವವರಿಗೆ ಯಾವ ವಾದ್ಯ ಎಲ್ಲಿ ಏನು ಮಾಡುತ್ತಿದೆ ಅಂತ ಒಂದು ಪುಟ ಕನ್ನಡದಲ್ಲಿ. ಕನ್ನಡದವರಿಂದ ಇನ್ನೂ ಸುದ್ದಿ ಇಲ್ಲ. ಇಂಗ್ಲಿಷಿನ ಒಂದು ಕಡೆ ವಿಮರ್ಶೆ ಬಂತು, ಸಾಹಿತ್ಯದ ಬಗ್ಗೆ ದೊಡ್ಡ ದೊಡ್ಡ ಎರಡು ಪ್ಯಾರಾ, ಖುಷಿಯಿಂದ ಓದುತ್ತಾ ಹೋದರೆ ಎಲ್ಲ ನಾನೇ ಬರೆದದ್ದು, ಅಲ್ಪವಿರಾಮ ಕೂಡ ಬದಲಾಗಿಲ್ಲ. ನಾನು ಸುಮ್ಮನಿದ್ದೆ. ಡ್ರಮ್ಮರ್ ಅದನ್ನು ಗ್ರೂಪಿಗೆ ಹಾಕಿ ಕೆಳಗೆ ಬರೆದಿದ್ದ: “ಪರವಾಗಿಲ್ಲ ಗುರು, ಈ ಸಲ ಯಾರೋ ಅರ್ಥ ಮಾಡ್ಕೊಂಡಿದಾರೆ.”